ಇನ್ನೊಸಿ ಮ್ಯಾಕ್ಕೆ

ಹಾಸನದ ಗಂಟಲಿನ ಡಾಕ್ಟರು ನಮ್ಮ ಅತ್ತೆಯವರಿಗೆ, "ಅಮ್ಮಾ, ಆರು ವಾರ ಮಾತಾಡಬಾರದು, ಪಿಸುಮಾತೂ ಬೇಡ" ಎಂದು ಕೈಮುಗಿದು ಹೇಳಿದಾಗ ನನ್ನ ಎದೆಯ ಒಂದು ಮೂಲೆಯಲ್ಲಿ ಸಣ್ಣದೊಂದು ದೀಪ ಹತ್ತಿಕೊಂಡಿತು. ನಾಚಿಕೆಯ ಸಂಗತಿ, ಒಪ್ಪಿಕೊಳ್ಳುತ್ತೇನೆ. ಆ ದೀಪ ಹಚ್ಚಿಕೊಂಡ ಪಾಪಕ್ಕೆ ನಾನು ತೆತ್ತ ದಂಡವೇ ಮುಂದಿನ ಕಥೆ.

ಅತ್ತೆಯವರ ಹೆಸರು ಚಿಕ್ಕಲಕ್ಷ್ಮಮ್ಮ. ವಯಸ್ಸು ಎಪ್ಪತ್ತಾರು. ಊರು ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿ. ಆ ಸುತ್ತಿನಲ್ಲಿ ಅವರ ಸೋಬಾನೆ ಪದ ಕೇಳದೆ ಅರಿಶಿನ ಹಚ್ಚಿಸಿಕೊಂಡ ಮದುಮಗಳಿಲ್ಲ. ಎಲ್ಲರ ಮನೆಯ ಮದುವೆಗೂ ಹಾಡಿ ಹಾಡಿ ಅವರ ದನಿಪೆಟ್ಟಿಗೆಯಲ್ಲಿ ಸಣ್ಣ ಗಂಟೊಂದು ಬೆಳೆದಿತ್ತು. ಸುಮ್ಮನಿದ್ದರೆ ತಾನೇ ಕರಗುತ್ತದೆ ಎಂದರು ಡಾಕ್ಟರು. ಸುಮ್ಮನಿರುವುದಕ್ಕೆ ಮಗನ ಮನೆಗಿಂತ ಮಗಳ ಮನೆಯೇ ವಾಸಿ (ಮಗನ ಮನೆಗೆ ಬಂದುಹೋಗುವವರು ಹೆಚ್ಚು) ಎಂದು ತೀರ್ಮಾನವಾಗಿ ಅವರು ಹೊಳೆನರಸೀಪುರದ ನಮ್ಮ ಮನೆಗೆ ದಯಮಾಡಿಸಿದರು.

ಮೌನವೆಂದರೆ ಶಾಂತಿ ಎಂದು ತಿಳಿದಿದ್ದೆ. ಮೂರನೆಯ ದಿನಕ್ಕೆ ಅತ್ತೆ ತಮ್ಮ ಬೆಳ್ಳಿಯುಂಗುರದಿಂದ ಕಾಫಿ ಲೋಟದ ಮೇಲೆ ಬಡಿದು ಮಾತಾಡುವ ಹೊಸ ಭಾಷೆ ಕಂಡುಹಿಡಿದರು. ಒಂದು ಬಡಿತಕ್ಕೆ 'ಸರಿ'. ಎರಡು ಬಡಿತಕ್ಕೆ 'ತಪ್ಪು'. ಮೂರಕ್ಕೆ 'ಕಾಫಿ'. ಈ ಮೂರೇ ಪದಗಳಲ್ಲಿ ಅವರು ನಮ್ಮ ಸಂಸಾರವನ್ನು ನಡೆಸಿದರು. ಬಾಯಿ ಇದ್ದಾಗ ನನ್ನ ತಪ್ಪು ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ನಡುವೆ ನಾನು ಎದ್ದು ಹೋಗಬಹುದಿತ್ತು. ಈಗ ಟಣ್ ಟಣ್ ಎಂದರೆ ಮುಗಿಯಿತು. ಮೇಲ್ಮನವಿಗೆ ಅವಕಾಶವೇ ಇಲ್ಲ.

ಅಷ್ಟರಲ್ಲಿ ನನ್ನ ಭಾವಮೈದ ಸುದರ್ಶನನ ಮಗಳಿಗೆ ಮದುವೆ ಗೊತ್ತಾಯಿತು. ಅರಿಶಿನದ ಶಾಸ್ತ್ರ ಅತ್ತೆಯ ಮೌನದ ಐದನೆಯ ವಾರಕ್ಕೆ ಬಂದು ಕೂತಿತು. ಅಜ್ಜಿಯ ಮಡಿಲಲ್ಲೇ ಬೆಳೆದ ಹುಡುಗಿ ಫೋನಿನಲ್ಲಿ ಅತ್ತಳು.

"ಅಜ್ಜೀ, ಊರೋರ ಮಕ್ಳಿಗೆಲ್ಲ ಹಾಡಿದ್ದೀಯ. ನಂಗೆ ಮಾತ್ರ ಇಲ್ವಾ? ನಿನ್ ದನಿ ಕೇಳ್ದೆ ನಾನು ಅರಿಶಿನಕ್ಕೆ ಕೂರಾಕಿಲ್ಲ, ಅಷ್ಟೇ."

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಲೋಟ ಕೈಯಲ್ಲೇ ಇತ್ತು. ಬಡಿಯಲಿಲ್ಲ. 

"ದನಿ ಎಲ್ಲೂ ಹೋಗಿಲ್ಲ ಕಣವ್ವ, ನನ್ನ ಫೋನಿನಲ್ಲಿದೆ" ಎಂದಳು ನನ್ನ ಹೆಂಡತಿ ಸ್ನೇಹಲತಾ. ಅದು ನಿಜ. ಅರಕಲಗೂಡು ತಾಲೂಕಿನ ಹಳ್ಳಿಯೊಂದರಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವ ಲತಾ, ಆರು ವರ್ಷಗಳಿಂದ ಅಮ್ಮನ ಹಾಡುಗಳನ್ನು ಒಂದೊಂದಾಗಿ ಫೋನಿಗೆ ತುಂಬಿಸಿಟ್ಟಿದ್ದಳು. ಒಟ್ಟು ಇನ್ನೂರ ಹದಿಮೂರು ಹಾಡು. ರಾಗಿ ಬೀಸುವ ಪದ, ತೊಟ್ಟಿಲ ಪದ, ಅರಿಶಿನದ ಪದ. ಫೋನು ಮಾತ್ರ ಉಸಿರುಗಟ್ಟಿದ ಸ್ಥಿತಿಯಲ್ಲಿತ್ತು. ಒಂದು ಹಾಡು ಒತ್ತಿದರೆ ಬಿಸಿಯಾಗಿ, ಕಪ್ಪಾಗಿ, ಸುಮ್ಮನಾಗುತ್ತಿತ್ತು.

"ಒಂದು ಪೆನ್ ಡ್ರೈವಿಗೆ ಹಾಕಿಕೊಡಿ, ಸಾಕು" ಎಂದಳು.

ಕಥೆ ಅಲ್ಲೇ ಮುಗಿಯಬೇಕಿತ್ತು. ಹತ್ತು ನಿಮಿಷದ ಕೆಲಸ. ಆದರೆ ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು. ಮೇಲಾಗಿ ಕನಸುಗಾರ. ಹೆಂಡತಿಯನ್ನು ಕರುಣೆಯಿಂದ ನೋಡಿದೆ.

"ಲತಾ, ಅತ್ತೆಯವರ ದನಿಯನ್ನ ಅಡಿಕೆಚೂರಿನ ಹಾಗೆ ಜೇಬಿನಲ್ಲಿ ಹಾಕಿಕೊಂಡು ಹೋಗೋದಾ? ಅದು ಕಳೆದುಹೋದರೆ? ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇಡೋದೂ ಬೇಡ. ನಮ್ಮ ಹಾಡು ನಮ್ಮ ಮನೆಯಲ್ಲೇ ಇರಬೇಕು. ನಾವು ಎಲ್ಲಿದ್ದರೂ ಕೇಳಬೇಕು. ಯಾವ ಕಾರಣಕ್ಕೂ ನಿಲ್ಲಬಾರದು."

"ನಿಲ್ಲಬಾರದು ಅಂದ್ರೆ?"

"ಅಖಂಡವಾಗಿ. ಸೂರ್ಯಚಂದ್ರರಿರುವ ತನಕ."

"ಅರಿಶಿನದ ದಿನ ಬೆಳಿಗ್ಗೆ ಒಂದು ಗಂಟೆ ಹಾಡಿದ್ರೆ ಸಾಕಲ್ವೇನ್ರೀ?"

ಟಣ್, ಎಂದಿತು ಲೋಟ, ಲತಾಳ ಪರವಾಗಿ. ನಾನು ಕೇಳಿಸಿಕೊಳ್ಳಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನನ್ನದು ಶಿಸ್ತಿನ ಜೀವನ. ಕನಸು ಕಾಣುವುದಕ್ಕೂ ಟೈಮ್ ಟೇಬಲ್ ಇದೆ: ಭಾನುವಾರ ಮಧ್ಯಾಹ್ನ ಎರಡರಿಂದ ಐದು, ಮಹಡಿಯ ಮೇಲೆ, ಹೇಮಾವತಿಯ ಕಡೆಗೆ ಮುಖ ಮಾಡಿ. ಚಪ್ಪಲಿ ಜೋಡಿಸುವುದು, ಗ್ಯಾಸ್ ತಿರುಗಿಸುವುದು, ಕರೆಂಟಿನ ಮೇನ್ ಇಳಿಸುವುದು, ಬೀಗವನ್ನು ಮೂರು ಸಲ ಜಗ್ಗಿ ನೋಡುವುದು, ಎಲ್ಲವೂ ಕೈಗೆ ತಾನಾಗಿ ಬರುತ್ತವೆ. (ನಾವು ಊರಿಗೆ ಹೊರಟರೆ ಫ್ರಿಜ್ಜಿನ ಹಾಲು ಮೊಸರು ಪಕ್ಕದ ಮನೆ ಕೆಂಪಣ್ಣನ ಪಾಲು. ನಾವು ಆಗಾಗ ಊರಿಗೆ ಹೋಗಲಿ ಎಂದು ಕೆಂಪಣ್ಣ ಹರಕೆ ಹೊತ್ತಿದ್ದಾನೆಂದು ಲತಾಳ ಅನುಮಾನ.)

ಹಾಡು ಹಾಡಿಸುವ ಅಪ್ಲಿಕೇಶನ್ನನ್ನು ನಾನೇ ಎರಡು ವರ್ಷ ಕೂತು ಬರೆದಿದ್ದೆ. ಹೆಸರು 'ದನಿಗೂಡು'. ಅದಕ್ಕಿದ್ದ ದೋಷ ಒಂದೇ: ನನ್ನ ಮೇಜಿನ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಬಾಯಿ ಬಿಡುತ್ತಿರಲಿಲ್ಲ. ಇದನ್ನು ಕಂಟೇನರ್ ಮಾಡಬೇಕು, ಮೂರು ಕಂಪ್ಯೂಟರುಗಳ ಮೇಲೆ ಕೂರಿಸಬೇಕು ಎಂದು ಮಹಡಿಯ ಮೇಲೆ ಲತಾಳಿಗೆ ವಿವರಿಸಿದೆ. ಅವಳು ಸೋಮವಾರದ ಪಾಠಕ್ಕೆ ರಟ್ಟಿನಲ್ಲಿ ಅಕ್ಷರ ಕತ್ತರಿಸುತ್ತಿದ್ದಳು.

"ಕಂಟೇನರ್ ಅಂದರೆ ಬುತ್ತಿ ಕಣೆ. ನೀನು ಅರಕಲಗೂಡಿನ ಬಸ್ಸಿಗೆ ಹೋಗುವಾಗ ಡಬ್ಬಿಗೆ ಅನ್ನ, ಹುಳಿ, ಉಪ್ಪಿನಕಾಯಿ, ಚಮಚ, ಕೊನೆಗೆ ಚಿಟಿಕೆ ಉಪ್ಪನ್ನೂ ಇಟ್ಟುಕೊಂಡು ಹೋಗ್ತೀಯಲ್ಲ, ಯಾಕೆ?"

"ಅಲ್ಲಿ ಯಾರನ್ನೂ ಏನೂ ಕೇಳಬಾರದು ಅಂತ."

"ಅದೇ! ಅಪ್ಲಿಕೇಶನ್ನೂ ಹಾಗೇ. ತನಗೆ ಬೇಕಾದ ಸಾಮಾನೆಲ್ಲ ಜೊತೆಗೇ ಕಟ್ಟಿಕೊಂಡಿದ್ದರೆ ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಊಟ ಒಂದೇ."

"ಸರಿ. ಮೂರು ಕಂಪ್ಯೂಟರ್ ಯಾಕೆ?"

ಇಲ್ಲಿ ನನ್ನ ಕಣ್ಣು ಹೊಳೆಯ ಕಡೆಗೆ ಹರಿಯಿತು. ಬಿಸಿಲು ಇಳಿಯುತ್ತಿತ್ತು. ನೀರು ಎಲ್ಲಿಗೂ ಹೋಗುವ ಅವಸರವಿಲ್ಲದವರಂತೆ ಹೊಳೆಯುತ್ತ ನಿಂತಿತ್ತು. "ಮೂರು ಹರಿಗೋಲು ಅಂದುಕೋ" ಎಂದೆ. "ಮೂರಕ್ಕೂ ಸೇರಿ ಒಬ್ಬ ಅಂಬಿಗ. ಬುತ್ತಿ ಒಂದು ಹರಿಗೋಲಿನಲ್ಲಿದೆ. ಅದು ತೂತಾಯಿತು. ಅಂಬಿಗ ಒಂದು ಮಾತೂ ಆಡದೆ ಇನ್ನೊಂದು ಹರಿಗೋಲಿನಲ್ಲಿ ಅಂಥದ್ದೇ ಬುತ್ತಿ ಬಿಚ್ಚುತ್ತಾನೆ. ಅದೂ ಮುಳುಗಿತು. ಮೂರನೆಯದು ಇದೆ. ದಡದಲ್ಲಿ ಕೂತು ಕೇಳುವವರಿಗೆ ಹಾಡು ನಿಂತದ್ದೇ ಗೊತ್ತಾಗೋಲ್ಲ. ಆ ಅಂಬಿಗ ಒಂದು ಸಾಫ್ಟ್‌ವೇರು, ಹೆಸರು ಕುಬರ್ನೆಟಿಸ್."

ಪಕ್ಕದಲ್ಲಿ ಕೂತಿದ್ದ ಅತ್ತೆ ಕುಬೇರನ ಪ್ರಸ್ತಾಪವೆಂದು ಭಾವಿಸಿ ಕೆನ್ನೆ ಬಡಿದುಕೊಂಡರು. (ಕುಬೇರನಾದರೂ ನಮ್ಮ ಮನೆಗೆ ಬರಲಿ ಎಂದು ನಾನೂ ತಿದ್ದಲಿಲ್ಲ.)

"ಮೂರೂ ಒಟ್ಟಿಗೆ ಮುಳುಗಿದ್ರೆ?" ಎಂದು ಕೇಳಿದಳು ಲತಾ, 'ಳ'ದ ಬಾಲವನ್ನು ಕತ್ತರಿಸುತ್ತ.

ನಾನು ನಕ್ಕೆ. ಒಂದನೇ ಕ್ಲಾಸಿನ ಟೀಚರು ಕೇಳುವ ಪ್ರಶ್ನೆಯೆಂದು ನಕ್ಕೆ. ಆ ನಗು ಈಗಲೂ ಕೆಲವೊಮ್ಮೆ ಊಟದ ಹೊತ್ತಿಗೆ ನೆನಪಾಗುತ್ತದೆ.

ಕಾಲೇಜಿನವರು ಹಳೆಯದೆಂದು ಹರಾಜು ಹಾಕಿದ್ದ ಮೂರು ಕಂಪ್ಯೂಟರುಗಳನ್ನು ತಂದು ಮಹಡಿಯ ಕೋಣೆಯಲ್ಲಿ ಸಾಲಾಗಿ ಕೂರಿಸಿದೆ. ಕರೆಂಟು ಹೋದರೂ ಹತ್ತು ನಿಮಿಷ ತಡೆಯಲಿ ಎಂದು ಒಂದು ಯು.ಪಿ.ಎಸ್. ಇಟ್ಟೆ. ಇನ್ನೂರ ಹದಿಮೂರು ಹಾಡುಗಳನ್ನೂ ಮೂರಕ್ಕೂ ತುಂಬಿದೆ. ಕೊನೆಗೆ ಲತಾಳ ಫೋನಿನಿಂದ ಎಲ್ಲವನ್ನೂ ಅಳಿಸಿದೆ.

"ಅಳಿಸಿಬಿಟ್ರಾ? ಎಲ್ಲಾನೂ?"

"ಫೋನಿಗೆ ಉಸಿರಾಡೋಕೆ ಜಾಗ ಬೇಡವೇ? ಹಾಡು ಈಗ ಮೂರು ಕಡೆ ಇದೆ."

ಟಣ್ ಟಣ್.

ಬುತ್ತಿ ಕಟ್ಟುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ವಾರ ಚಮಚ ಮರೆತೆ, ಎರಡನೆಯ ವಾರ ಉಪ್ಪು ಮರೆತೆ ಎನ್ನಿ. ಅಂಬಿಗನಿಗೆ ಬರೆದುಕೊಡುವ ಅಪ್ಪಣೆಯ ಓಲೆಯಲ್ಲಿ ಸಾಲಿನ ಮುಂದೆ ಎರಡು ಖಾಲಿ ಜಾಗ ಬಿಡಬೇಕಾದಲ್ಲಿ ಮೂರು ಬಿಟ್ಟರೆ ಆತ ಓಲೆಯನ್ನೇ ಮುಟ್ಟುವುದಿಲ್ಲ. ಹೀಗೇ ಮೂರು ವಾರ ತೇಲಿಹೋದವು. ಒಂದು ಸಂಜೆ, ಹೊಳೆಯ ಮೇಲೆ ಬೆಳ್ಳಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ, ದನಿಗೂಡು ಬಾಯಿ ಬಿಟ್ಟಿತು. ಪಟ್ಟಿಯ ಮೊದಲನೆಯ ಹಾಡು. ಅತ್ತೆಯ ದನಿ ಮಹಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂತು.

*ಅರೆದಾರೆ ಅರಿಶಿನ ಅಂಗೈಯೆಲ್ಲ ಬಿಸಿಲವ್ವ*
*ಸರಿಸೆ ನೀ ಮೊಗದ ಸೆರ...*

ಅಲ್ಲಿಗೆ ಕಡಿದುಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಿಂದ. *ಸರಿಸೆ ನೀ ಮೊಗದ ಸೆರ...* ಮತ್ತೆ ಕಡಿತ.

ಒಂದು ದಿನ, ಎರಡು ದಿನ, ಒಂದು ವಾರ. ಅದೇ ಹಾಡು, ಅದೇ 'ಸೆರ'. ಕೆಂಪಣ್ಣ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ 'ಸೆರ' ತನಕ ಹಾಡಿ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದ. ಲತಾ ಹುಳಿಗೆ ಒಗ್ಗರಣೆ ಹಾಕುತ್ತ 'ಸೆರ' ಎಂದು ನಿಲ್ಲಿಸಿದರೆ, ಸಾಸಿವೆ ಚಟಪಟ ಎಂದು ಮುಂದುವರಿಸುತ್ತಿತ್ತು. ತಮ್ಮದೇ ಕೊರಳು ದಿನಕ್ಕೆ ನೂರು ಸಲ ಸೆರಗಿನ ಅರ್ಧದಲ್ಲಿ ಕತ್ತರಿಸಿ ಬೀಳುವುದನ್ನು ಕೇಳುತ್ತ ಅತ್ತೆ ಹೊಸದೊಂದು ಬಡಿತ ಕಂಡುಹಿಡಿದರು. ಲೋಟವನ್ನು ನೆಲಕ್ಕೆ ಕುಕ್ಕುವುದು. ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಶಾಸ್ತ್ರಕ್ಕೆ ಎರಡೇ ದಿನ ಉಳಿದಿದ್ದ ಬೆಳಿಗ್ಗೆ ಲತಾ ಕಾಫಿ ತಂದು ನನ್ನೆದುರು ಕೂತಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ನಿಜ ಹೇಳಿ. ಮಗು ಅಲ್ಲಿ ಕಾಯ್ತಾ ಕೂತಿದೆ. ಇದು ಯಾಕೆ ಸಾಯ್ತಿದೆ?"

ನಾನು ಹೇಳಿದೆ. ಅಂಬಿಗನದು ಬಹಳ ಎಚ್ಚರದ ಸ್ವಭಾವ. ಹತ್ತು ಸೆಕೆಂಡಿಗೊಮ್ಮೆ ಡಬ್ಬಿಯನ್ನು 'ಚೆನ್ನಾಗಿದ್ದೀಯಾ?' ಎಂದು ಕೇಳುತ್ತಾನೆ. ಮೂರು ಸಲ ಉತ್ತರ ಬರದಿದ್ದರೆ ಸತ್ತಿತೆಂದು ತಿಳಿದು ಎಸೆದು, ಹೊಸದನ್ನು ಬಿಚ್ಚುತ್ತಾನೆ. ನಮ್ಮ ದನಿಗೂಡು ಏಳುತ್ತಲೇ ಹಾಡು ಶುರುಮಾಡುತ್ತದೆ ನಿಜ, ಆದರೆ ಇನ್ನೂರ ಹದಿಮೂರು ಹಾಡುಗಳನ್ನೂ ಎಣಿಸಿ ಮುಗಿಸುವ ತನಕ ಯಾರ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

"ಎಣಿಸೋಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ."

"ಅರ್ಧ ನಿಮಿಷಕ್ಕೇ ಸತ್ತೇಹೋಯ್ತು ಅಂತಾನಾ ಅವನು?" ಲತಾ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ನೀವು ಬೆಳಿಗ್ಗೆ ಎದ್ದು ಕೂತ ಮೇಲೆ ಒಂದು ಮಾತಿಗೆ ಉತ್ತರ ಕೊಡೋಕೆ ಎರಡು ಲೋಟ ಕಾಫಿ ಬೇಕು. ನಾನೂ ಹತ್ತು ಸೆಕೆಂಡಿಗೊಂದ್ಸಲ ಕೇಳಿ, ಮೂರು ಸಲಕ್ಕೆ ಉತ್ತರ ಇಲ್ಲ ಅಂತ ನಿಮ್ಮನ್ನ ಎಸೆದು ಹೊಸಬರನ್ನ ತರ್ತಾ ಹೋಗಿದ್ರೆ, ಇಪ್ಪತ್ತಾರು ವರ್ಷಕ್ಕೆ ಎಷ್ಟು ಜನ ಆಗ್ತಿದ್ರು, ಹೇಳಿ."

ಟಣ್! ಇಷ್ಟು ಖಣಿಲಾದ ಒಂದೇ ಬಡಿತವನ್ನು ನಾನು ಹಿಂದೆ ಕೇಳಿರಲಿಲ್ಲ.

"ಅದು ಏಳಲಿ. ಆಮೇಲೆ ಕೇಳೋಕೆ ಹೇಳಿ ನಿಮ್ಮ ಅಂಬಿಗನಿಗೆ. ನಾನು ಮಕ್ಕಳನ್ನ ಎದ್ದ ತಕ್ಷಣ ಮಗ್ಗಿ ಕೇಳ್ತೀನಾ?"

ಮಹಡಿಗೆ ಹೋದೆ. ಓಲೆಯಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ಮೊದಲ ಪ್ರಶ್ನೆ ಕೇಳುವ ಮುನ್ನ ಎರಡು ನಿಮಿಷ ಕಾಯತಕ್ಕದ್ದು. ದನಿಗೂಡು ಎದ್ದಿತು. ಹಾಡು 'ಸೆರ' ದಾಟಿತು. 'ಗನ್ನ' ಎಂಬ ಎರಡಕ್ಷರ ಕೇಳಿದಾಗ ನಮ್ಮ ಮನೆಯಲ್ಲಿ ಮೂರು ಜನರ ಕಣ್ಣು ಒದ್ದೆಯಾದವು. ಹಿತ್ತಿಲಿನಿಂದ ಕೆಂಪಣ್ಣ, "ಓಯ್ತು ಕಣ್ರಪ್ಪ ಗಂಡಾಂತರ!" ಎಂದು ಕೂಗಿದ.

ಶಾಸ್ತ್ರದ ದಿನ ಬೆಳಿಗ್ಗೆ ಹೊರಟೆವು. ನನ್ನ ಶಿಸ್ತು ಅಂದು ಪರಾಕಾಷ್ಠೆಯಲ್ಲಿತ್ತು. ಗ್ಯಾಸ್ ತಿರುಗಿಸಿದೆ. ಚಪ್ಪಲಿ ಜೋಡಿಸಿದೆ. ಇನ್ನೇನೇನು ಮಾಡುತ್ತೇನೋ ಎಲ್ಲವನ್ನೂ ಮಾಡಿ ಬೀಗವನ್ನು ಮೂರು ಸಲ ಜಗ್ಗಿದೆ. ಗೇಟಿನ ಬಳಿ ನಿಂತು ಕಡೆಯ ಪರೀಕ್ಷೆಯೆಂದು ನನ್ನ ಫೋನಿನಲ್ಲಿ ದನಿಗೂಡು ಒತ್ತಿದೆ. ಅತ್ತೆಯ ದನಿ ಜೇನಿನಂತೆ ಹರಿಯಿತು. ಮಹಡಿಯ ಕಡೆಯಿಂದ, ಎಲೆಗಳ ನಡುವಿನಿಂದ ಬಂದ ಹಾಗೆ, ಕೀಂ... ಕೀಂ... ಎಂದು ಸಣ್ಣ ಸದ್ದು ಕೇಳುತ್ತಿತ್ತು.

"ಕೇಳಿದೆಯಾ ಲತಾ? ಹಾಡಿಗೆ ಹಕ್ಕಿಯೂ ದನಿಗೂಡಿಸ್ತಿದೆ."

"ಯಾವ ಹಕ್ಕಿ ರೀ ಇಷ್ಟು ಅಳೆದು ಸುರಿದು ಕೂಗೋದು?"

"ಶಿಸ್ತಿನ ಹಕ್ಕಿ" ಎಂದೆ.

ಅತ್ತೆ ಗೇಟಿನ ಸರಳಿಗೆ ಉಂಗುರದಿಂದ ಟಣ್ ಟಣ್ ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಅರ್ಥಮಾಡಿಕೊಂಡು ನಾನು ಮುಂದೆ ನಡೆದೆ.

ಚನ್ನರಾಯಪಟ್ಟಣದ ತನಕ ಬಸ್ಸು, ಅಲ್ಲಿಂದ ಸುದರ್ಶನನ ಕಾರು. ಕಿಟಕಿಯಾಚೆ ಆಲೂಗೆಡ್ಡೆಯ ಹೊಲಗಳು ಇಬ್ಬನಿಯನ್ನು ಹೊದ್ದು ಮಲಗಿದ್ದವು. ನಾನು ಕಣ್ಣು ಮುಚ್ಚಿ ಒಂದು ಕನಸು ಕಂಡೆ: ಇನ್ನೂರ ಹದಿಮೂರು ಹಾಡುಗಳು ಹೇಮಾವತಿಯ ಮೇಲೆ ಹರಿಗೋಲಿನಲ್ಲಿ ಕೂತು ಬರುತ್ತಿವೆ, ದಡದಲ್ಲಿ ಊರಿಗೆ ಊರೇ ನಿಂತಿದೆ, ಅತ್ತೆಯವರು ನನ್ನ ಹಣೆಗೆ ಕುಂಕುಮವಿಟ್ಟು ಒಂದೇ ಒಂದು ಸಲ ಲೋಟ ಬಡಿಯುತ್ತಿದ್ದಾರೆ.

ದಂಡಿಗನಹಳ್ಳಿಯ ಅಂಗಳದಲ್ಲಿ ಹಸಿರು ಚಪ್ಪರ ಎದ್ದಿತ್ತು. ಹುಡುಗಿ ಹಸೆಮಣೆಯ ಮೇಲೆ ಕೂತಿದ್ದಳು. ಅತ್ತೆಯನ್ನು ನೋಡಿ ಮುಖ ಹೂವಾಯಿತು. ಇಪ್ಪತ್ತು ಮೂವತ್ತು ಹೆಂಗಸರು ಚಾಪೆ ತುಂಬ ಕೂತು, ಅರಿಶಿನದ ಬಟ್ಟಲು ಮುಂದಿಟ್ಟುಕೊಂಡು ನನ್ನತ್ತಲೇ ನೋಡುತ್ತಿದ್ದರು. ಶಾಮಿಯಾನದವರ ಸ್ಪೀಕರಿಗೆ ನನ್ನ ಫೋನನ್ನು ಜೋಡಿಸಿ, ಎರಡು ಮಾತಾಡುವ ಚಪಲ ತಡೆಯಲಾರದೆ ಮೈಕು ಹಿಡಿದೆ.

"ಈಗ ತಾವು ಕೇಳಲಿರುವುದು ಎಂದೂ ನಿಲ್ಲದ ದನಿ!"

ಒತ್ತಿದೆ. ಫೋನು ದುಂಡಗೆ ಸುತ್ತಿತು. ಇನ್ನೂ ಸುತ್ತಿತು. ಕಡೆಗೆ ಒಂದು ಸಾಲು ಬಂತು: ಸಂಪರ್ಕ ಸಾಧ್ಯವಾಗುತ್ತಿಲ್ಲ.

ಮತ್ತೆ ಒತ್ತಿದೆ. ಒಂದು ಹರಿಗೋಲು ಹೋದರೂ ಇನ್ನೆರಡು ಇರಬೇಕಲ್ಲ? ಬೆವರು ಹನಿಯುತ್ತಿರುವಾಗ ಲತಾ ಹತ್ತಿರ ಬಂದು ಪಿಸುಗುಟ್ಟಿದಳು.

"ರೀ, ಹೊರಡುವಾಗ ಮೇನ್ ಇಳಿಸಿದ್ರಾ?"

"ಇಳಿಸದೆ ಹೊರಟಿದ್ದೇನೆಯೇ ನಾನು ಎಂದಾದರೂ?" ಎಂದೆ ಹೆಮ್ಮೆಯಿಂದ. ಮಾತು ಬಾಯಿ ದಾಟಿದ ಮೇಲೆ ಅದರ ಅರ್ಥ ನಿಧಾನವಾಗಿ ಒಳಗಿಳಿಯಿತು. ಗೇಟಿನಲ್ಲಿ ಕೇಳಿಸಿದ ಹಕ್ಕಿ, ಕರೆಂಟು ಹೋಗಿದೆಯೆಂದು ಕೂಗಿಕೊಳ್ಳುತ್ತಿದ್ದ ಯು.ಪಿ.ಎಸ್. ಹತ್ತು ನಿಮಿಷ ಹಾಡಿ ಅದು ಕಣ್ಮುಚ್ಚಿತ್ತು. ಮೂರು ಹರಿಗೋಲುಗಳನ್ನೂ ಒಟ್ಟಿಗೆ, ನನ್ನ ಈ ಬಲಗೈಯಿಂದಲೇ, ಮುಳುಗಿಸಿ ಬಂದಿದ್ದೆ.

ಚಾಪೆಯ ಮೇಲೆ ಗುಸುಗುಸು ಎದ್ದಿತು. ಹುಡುಗಿ ಹಸೆಮಣೆಯಿಂದ ಅರ್ಧ ಎದ್ದಳು. ಅತ್ತೆ ಬಾಯಿ ತೆರೆದರು. ಐದು ವಾರ ಕಾಪಾಡಿದ ದನಿಯನ್ನು ಮೊಮ್ಮಗಳಿಗಾಗಿ ಒಂದೇ ಗಳಿಗೆಯಲ್ಲಿ ಸುರಿದುಬಿಡುವ ಮುಖ ಅದು. ಲತಾ ಓಡಿಹೋಗಿ ತಾಯಿಯ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಹಾಗೇ ಇಟ್ಟುಕೊಂಡು, ಜೀವಮಾನದಲ್ಲಿ ನಾಲ್ಕು ಜನರೆದುರು ಹಾಡದ ನನ್ನ ಹೆಂಡತಿ ಹಾಡತೊಡಗಿದಳು.

*ಅರೆದಾರೆ ಅರಿಶಿನ ಅಂಗೈಯೆಲ್ಲ ಬಿಸಿಲವ್ವ*
*ಸರಿಸೆ ನೀ ಮೊಗದ ಸೆರ...*

ನಿಂತಳು! ಒಂದು ವಾರದ ಅಭ್ಯಾಸ. ಮುಂದಕ್ಕೆ ನಾಲಿಗೆ ಹೊರಳಲೇ ಇಲ್ಲ. ಅತ್ತೆ ಅರಿಶಿನದ ಬಟ್ಟಲಿಗೆ ಉಂಗುರ ತಾಗಿಸಿ ಟಣ್ ಎಂದರು. ಚಾಪೆಯ ಮೂಲೆಯಿಂದ ಹಲ್ಲಿಲ್ಲದ ಅಜ್ಜಿಯೊಬ್ಬರು '*ಗನ್ನಾ*' ಎಂದು ಎತ್ತಿಕೊಂಡರು. ಎಲ್ಲರೂ ಸೇರಿ ಸೊಲ್ಲು ಹಿಡಿದರು. ಅತ್ತೆಯ ತುಟಿ ಸದ್ದಿಲ್ಲದೆ ಮುಂದಿನ ಸಾಲನ್ನು ಆಡಿತು, ಹತ್ತಿರದವಳು ಅದನ್ನು ಓದಿ ಹಾಡಿದಳು, ಉಳಿದವರು ಮರುದನಿಯಿತ್ತರು. ಒಬ್ಬಳು ಉಸಿರು ತೆಗೆದುಕೊ‍ಳ್ಳುವಾಗ ಇನ್ನೊಬ್ಬಳು ಹಿಡಿದಳು. ಅವಳು ಮರೆತಲ್ಲಿ ಮತ್ತೊಬ್ಬಳು. ಯಾರೂ ಯಾರನ್ನೂ 'ಚೆನ್ನಾಗಿದ್ದೀಯಾ?' ಎಂದು ಕೇಳಲಿಲ್ಲ. ಹಾಡು ಎಲ್ಲೂ ಕೆಳಗೆ ಬೀಳಲಿಲ್ಲ. ಹುಡುಗಿಯ ಕೆನ್ನೆಗೆ ಅರಿಶಿನ ಹತ್ತಿತು. ಚಪ್ಪರದ ಸಂದಿನಿಂದ ಬಂದ ಬಿಸಿಲು ಯಾವುದು, ಹೆಂಗಸರ ಅಂಗೈಯದು ಯಾವುದು ತಿಳಿಯದಂತಾಯಿತು.

ಇದನ್ನಾದರೂ ಉಳಿಸಿಕೊಳ್ಳೋಣವೆಂದು ಲತಾಳ ಫೋನನ್ನು ತೆಗೆದು (ಈಗ ಅದರಲ್ಲಿ ಜಾಗಕ್ಕೇನೂ ಕೊರತೆಯಿರಲಿಲ್ಲ) ರೆಕಾರ್ಡು ಒತ್ತಿ ಚಾಪೆಯ ಅಂಚಿಗಿಟ್ಟೆ. ಸ್ಪೀಕರಿಗೆ ಕಟ್ಟಿಹಾಕಿದ್ದ ನನ್ನ ಫೋನನ್ನು ಬಿಚ್ಚಿಕೊಂಡು ಪಕ್ಕದಲ್ಲೇ ಕಂಬಕ್ಕೊರಗಿ ಕೆಂಪಣ್ಣನಿಗೆ ಕರೆ ಮಾಡಿದೆ. ಮೇನ್ ಸ್ವಿಚ್ಚು ಒಳಗಿದೆ, ಮನೆಗೆ ಬೀಗವಿದೆ, ಆದರೆ ಕನಸುಗಾರನಾದ್ದರಿಂದ ನಡುಮನೆಯ ಕಿಟಕಿಯನ್ನು ಗಾಳಿಗೆ ತೆರೆದಿಟ್ಟೇ ಬಂದಿದ್ದೆ.

"ಮೇಷ್ಟ್ರೇ, ಕಿಟಕಿಯಿಂದ ಕಾಣ್ತದೆ. ಕೈ ಎಟುಕಾಕಿಲ್ಲ."

"ಮಾವಿನಕಾಯಿ ಕೀಳೋ ಬಿದಿರು ದೋಟಿ ಐತಲ್ಲ ಕೆಂಪಣ್ಣ, ತಗೊಂಬಾ. ಹಿಡೀನ ಮೇಲಕ್ಕೆ ತಳ್ಳಬೇಕು."

"ತಗುಲ್ತು ಮೇಷ್ಟ್ರೇ. ತಳ್ಳಲಾ?"

"ಮೆಲ್ಲಗೆ. ಇನ್ನೊಸಿ ಮ್ಯಾಕ್ಕೆ."

"ಬತ್ತಾ ಇಲ್ಲ."

"ಇನ್ನೊಸಿ ಮ್ಯಾಕ್ಕೆ, ಕೆಂಪಣ್ಣಾ. ಇನ್ನೊಸಿ ಮ್ಯಾಕ್ಕೆ!"

ಹೆಂಗಸರ ದನಿ ಜೋರಾದಂತೆ ನಾನೂ ದನಿ ಏರಿಸಬೇಕಾಯಿತು. ಅರಿಶಿನ ಮುಗಿಯುವ ತನಕ ದೋಟಿ ಜಾರುತ್ತಲೇ ಇತ್ತು. ಕೊನೆಯ ಸೊಲ್ಲು ಮುಗಿದು ಅಂಗಳ ನಿಶ್ಶಬ್ದವಾದ ಆ ಒಂದು ಗಳಿಗೆಯಲ್ಲಿ ಸರಿಯಾಗಿ ಕೆಂಪಣ್ಣ ಗೆದ್ದ. ನಾನು, "ಬಂತು! ಬಂತು!" ಎಂದು ಕಿರುಚಿದೆ. ಮದುಮಗಳೂ ಸೇರಿ ಎಲ್ಲರೂ ನನ್ನನ್ನು ನೋಡಿದರು. ಗೆದ್ದ ಉತ್ಸಾಹದಲ್ಲಿ ಫೋನನ್ನು ಮತ್ತೆ ಸ್ಪೀಕರಿಗೆ ಸಿಕ್ಕಿಸಿದೆ. ದನಿಗೂಡು ನಿಧಾನವಾಗಿ ಎದ್ದು, ಲತಾ ದಯಪಾಲಿಸಿದ ಎರಡು ನಿಮಿಷವನ್ನೂ ಪೂರ್ತಿ ಬಳಸಿಕೊಂಡು, ಜನ ಪಾಯಸಕ್ಕೆ ಕೂತಿದ್ದಾಗ ಅರಿಶಿನದ ಹಾಡು ಹಾಡಿತು. ಅತ್ತೆ ಊಟ ನಿಲ್ಲಿಸಿ ತಮ್ಮದೇ ಹಾಡನ್ನು ಕಿವಿಗೊಟ್ಟು ಕೇಳಿದರು. ಮೂರನೆಯ ನುಡಿಯಲ್ಲಿ ತಾವೇ ಎಲ್ಲೋ ತಪ್ಪಿದ್ದನ್ನು ಹಿಡಿದು ನೀರಿನ ಲೋಟಕ್ಕೆ ಟಣ್ ಟಣ್ ಎಂದರು.

ಅವರ ಮೌನ ಮುಗಿದ ದಿನ ನಾನು ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಆರು ವಾರದ ಬಾಕಿ ಬಯ್ಗುಳ ಒಟ್ಟಿಗೆ ಬರಲಿ, ಕೇಳಿಬಿಡೋಣ ಎಂದು. ಅತ್ತೆ ಗಂಟಲು ಸರಿಮಾಡಿಕೊಂಡರು.

"ಅವತ್ತು ಅರಿಶಿನದಾಗೆ ರೆಕಾಡು ಮಾಡಿದ್ರಲ್ಲ ಅಳಿಮಯ್ಯ, ಅದ್ನ ಆಕಿ."

ಆಕಿದೆ. ಇನ್ನೂರ ಹದಿನಾಲ್ಕನೆಯ ಹಾಡು. ಹಿಂದೆ ಹೆಂಗಸರು, ಮುಂದೆ ಮೈಕಿಗೆ ಬಾಯಿಟ್ಟ ಹಾಗೆ ನಾನು.

*ಸರಿಸೆ ನೀ ಮೊಗದ ಸೆರಗನ್ನ...* "ಇನ್ನೊಸಿ ಮ್ಯಾಕ್ಕೆ!" *...ಸರಿಸೆ ನೀ ಮೊಗದ ಸೆರಗನ್ನ...* "ಇನ್ನೊಸಿ ಮ್ಯಾಕ್ಕೆ!"

ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಪೂರ್ತಿ ಕೇಳಿದರು. "ಎಲ್ಲಾದ್ಕಿಂತ ಇದೇ ಚೆಂದಾಗದೆ ಕಣವ್ವ ಲತಾ. ನಿನ್ ಗಂಡನೂ ಸೊಲ್ಲು ಇಡ್ದವ್ರೆ. ಇದ್ನ ನಮ್ಮೋರ್ಗೆಲ್ಲ ಕಳ್ಸು" ಎಂದರು. ತಾಯಿಯ ಮಾತನ್ನು ಲತಾ ಎಂದೂ ಮೀರಿದವಳಲ್ಲ. ಆ ಮಧ್ಯಾಹ್ನವೇ ಅದು ಊರೂರಿನ ಫೋನುಗಳಿಗೆ ಹೋಯಿತು.

ಮೂರು ತಿಂಗಳ ಮೇಲೆ ಅರಕಲಗೂಡಿನಲ್ಲಿ ಒಂದು ಮದುವೆ. ಲತಾಳ ಶಾಲೆಯಲ್ಲಿ ಬಿಸಿಯೂಟ ಮಾಡುವ ಸುವರ್ಣಮ್ಮನ ಮಗಳದು. ನಮಗೆ ಹೆಚ್ಚು ಪರಿಚಯದವರಿಲ್ಲ. ನಾನು ಚಪ್ಪರದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಅಂದು ಭಾನುವಾರವೂ ಎರಡು ಗಂಟೆಯೂ ಆಗಿದ್ದರಿಂದ, ನಿಯಮದಂತೆ ಕನಸಿಗೆ ಇಳಿದಿದ್ದೆ. ಒಳಗೆ ಹೆಂಗಸರು ಹಾಡುತ್ತಿದ್ದರು. ರಾಗ ಗುರುತಾಗಿ ಕಣ್ಣು ತೆರೆದೆ.

*ಅರೆದಾರೆ ಅರಿಶಿನ ಅಂಗೈಯೆಲ್ಲ ಬಿಸಿಲವ್ವ*
*ಸರಿಸೆ ನೀ ಮೊಗದ ಸೆರಗನ್ನ*
*ಇನ್ನೊಸಿ ಮ್ಯಾಕ್ಕೆ, ತಾಯಿ, ಇನ್ನೊಸಿ ಮ್ಯಾಕ್ಕೆ*

ಮದುಮಗಳ ಸೆರಗನ್ನು ಒಬ್ಬಾಕೆ ಆ ಸೊಲ್ಲಿಗೆ ಸರಿಯಾಗಿ ಬೆರಳಷ್ಟು ಮೇಲೆತ್ತುತ್ತಿದ್ದಳು. ಮುಂದಿನ ಸೊಲ್ಲಿಗೆ ಇನ್ನೊಂದು ಬೆರಳು. ನಾನು ಎದ್ದುಹೋಗಿ, ಸೊಲ್ಲು ಹೇಳಿಕೊಡುತ್ತಿದ್ದ ಮುದುಕಿಯ ಪಕ್ಕದಲ್ಲಿ ಬಗ್ಗಿ ನಿಂತೆ.

"ಅಮ್ಮಾ, ಆ ಕೊನೆಯ ಸಾಲು ಈ ಹಾಡಿನದಲ್ಲ. ಅದು ಕರೆಂಟಿನ ಮೇನ್ ಸ್ವಿಚ್ಚಿನದು."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ನಿಂಗೇನ್ ಗೊತ್ತಪ್ಪ ಸೋಬಾನೆ ಪದ? ಇದು ನಮ್ಮತ್ತೆ ಕಾಲ್ದಿಂದ ಬಂದದ್ದು. ಗಂಡಸ್ರು ಅತ್ಲಾಗ್ ಕುಂತ್ಕೊಳ್ರಿ."

ಲತಾಳ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ನಮ್ಮೊಡನೆ ಬಂದು ಚಾಪೆಯ ನಡುವೆ ಕೂತಿದ್ದ ಅತ್ತೆಯವರಿಗೆ ಈಗ ದನಿ ಪೂರ್ತಿ ಬಂದಿದೆ. ಯಾರ ಹತ್ತಿರ ಬೇಕಾದರೂ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಮಾತ್ರ ಹಳೆಯ ಭಾಷೆಯೇ ಸಾಕೆಂದು ಇಟ್ಟುಕೊಂಡಿದ್ದಾರೆ. ಕೈಯಲ್ಲಿದ್ದ ಪಾನಕದ ಲೋಟವನ್ನು ಎತ್ತಿ, ನನ್ನ ಮುಖ ನೋಡಿ, ಟಣ್ ಟಣ್ ಎಂದರು.